ಮಹಾನವಮಿ ದಿಬ್ಬ

ಟಿ.ಬಿ. ಡ್ಯಾಂ ನೋಡಿದ ಪ್ರವಾಸಿಗರು ಹೊಸಪೇಟೆ, ಕಮಲಾಪುರಗಳನ್ನು ಹಾದು ಹಂಪೆಗೆ ಬಂದರೆ, ಅರಮನೆಯ ಆವರಣದಲ್ಲಿ ಎತ್ತರವಾದ ಕಲ್ಲಿನ ಜಗತಿಯೊಂದನ್ನು ಕಾಣುತ್ತಾರೆ. ಮೆಟ್ಟಿಲೇರಿದರೆ ಮೇಲೆ ಬರಿಯ ಬಯಲು. ಇಲ್ಲೇನಿದೆ ಎಂದು ಒಡನೆಯೇ ಇಳಿದು ಹೋಗುವವರುಂಟು. ಆದರೆ ವಿಜಯನಗರದ ವೈಭವಕ್ಕೆ ರಂಗಮಂದಿರವಾಗಿದ್ದುದು ಇದೇ ಮಹಾನವಮಿ ದಿಬ್ಬ.

ಇದು ಒಬ್ಬನೇ ಅರಸನ ಕೃತಿಯಲ್ಲ, ಹಂತಹಂತವಾಗಿ ಬೆಳೆದದ್ದು. 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು ಈ ನಗರದ ಮಹಾನವಮಿಯನ್ನು ಕಂಡು, ಅರಸನ ಇದಿರಿನಲ್ಲಿ ತೆರೆ ಸರಿಯುತ್ತಲೇ ನರ್ತಕಿಯರು ಹೆಜ್ಜೆಯಿಟ್ಟ ಸೊಗಸನ್ನು ಬರೆದಿಟ್ಟನು. 1520ರ ಸುಮಾರಿಗೆ ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಉತ್ಸವ ನಡೆಯುವ ಈ ಕಟ್ಟಡವನ್ನು ವಿಜಯಭವನವೆಂದು ಕರೆದನು. ಹಗಲು ಕುಸ್ತಿ, ಕುಣಿತ. ಇರುಳಾದರೆ ಅಂಗಳವನ್ನೆಲ್ಲ ಹಗಲು ಮಾಡುವ ಪಂಜುಗಳು, ಬಾಣಬಿರುಸುಗಳು.

1565ರ ಯುದ್ಧದಲ್ಲಿ ಸಾಮ್ರಾಜ್ಯ ಸೋತಿತು, ನಗರ ಕೊಳ್ಳೆಹೋಯಿತು. ದಿಬ್ಬದ ಮೇಲಿದ್ದ ಮರದ ಮಂಟಪ ಅಳಿದು ಕಲ್ಲಿನ ತಳಹದಿಯಷ್ಟೇ ನಿಂತಿತು. ಉತ್ಸವ ಮಾತ್ರ ನಿಲ್ಲಲಿಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಅದನ್ನು ಮುಂದುವರಿಸಿದರು. ಮೈಸೂರಿನ ದಸರೆ ಅದರದೇ ಕುಡಿ.

ಆಟವು ಬೇರೆ ಊರಿಗೆ ಹೋದರೂ ಆಟಗಾರರು ಇಲ್ಲಿಯೇ ಇದ್ದಾರೆ. ದಿಬ್ಬದ ಗೋಡೆಯ ಪಟ್ಟಿಕೆಗಳಲ್ಲಿ ನರ್ತಕಿಯರು, ಮಲ್ಲರು, ಬೇಟೆಗಾರರು, ಆನೆ ಕುದುರೆಗಳು ಸಾಲುಗಟ್ಟಿವೆ. ಆದುದರಿಂದ ಹಂಪೆಗೆ ಹೋದವರು ದಿಬ್ಬವನ್ನು ಏರುವ ಮೊದಲು ಅದರ ಸುತ್ತ ಒಮ್ಮೆ ನಿಧಾನವಾಗಿ ನಡೆಯಬೇಕು. ನೋಡತಕ್ಕದ್ದು ಇರುವುದು ಮೇಲಲ್ಲ, ಬುಡದಲ್ಲಿ.