ಅಜ್ಜಿ ಹೇಳಲಿ, ಮೊಮ್ಮಗಳು ಬರೆಯಲಿ

ನಮ್ಮ ಕಡೆಯ ತಾಲೂಕು ಸಾಹಿತ್ಯ ಸಮ್ಮೇಳನಗಳಿಗೆ ನಾನು ಜಾತ್ರೆಗೆ ಹೋದ ಹಾಗೆಯೇ ಹೋಗುತ್ತೇನೆ. ಬೆಳಗಿನ ಧ್ವಜಾರೋಹಣಕ್ಕೆ ಹೋದರೆ ರಾತ್ರಿಯ ಬಯಲಾಟ ಮುಗಿಯುವ ತನಕ ಕೂರುವುದೇ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಊರು ಯಾವುದಾದರೂ ಆ ದಿನದ ಕಳೆ ಒಂದೇ. ಭುವನೇಶ್ವರಿಯ ಚಿತ್ರಪಟದ ಮುಂದೆ ಸಮಾಳ, ನಂದಿಕೋಲು, ಡೊಳ್ಳು. ಸಿಂಗರಿಸಿದ ಬಂಡಿಯಲ್ಲಿ ಸಮ್ಮೇಳನಾಧ್ಯಕ್ಷರು. ಅವರ ಹಿಂದೆ ಕುಂಭ ಹೊತ್ತ ಹೆಣ್ಣುಮಕ್ಕಳು, ಸಮವಸ್ತ್ರದ ಶಾಲಾ ಮಕ್ಕಳು. ದ್ವಾರಗಳಿಗೆ ಊರಿನ ಹಿರಿಯರ ಹೆಸರು. ಪುಸ್ತಕದ ಮಳಿಗೆಯ ಪಕ್ಕದಲ್ಲೇ ಮಂಡಕ್ಕಿ ಮಿರ್ಚಿಯ ಅಂಗಡಿ. ಕವಿತೆಯ ಗಾಳಿ ಸೋಕದವರೂ ಅವತ್ತು ಹಳದಿ ಕೆಂಪು ಶಾಲು ಹೊದ್ದು ಪೆಂಡಾಲಿನ ಕಂಬ ಹಿಡಿದು ನಿಲ್ಲುತ್ತಾರೆ. ಇದು ಸಣ್ಣ ಸಂಗತಿಯಲ್ಲ. ಒಂದು ಊರು ತನ್ನ ಭಾಷೆಗಾಗಿ ಬೀದಿಗೆ ಬಂದು ಮೆರವಣಿಗೆ ಮಾಡುವುದನ್ನು ನೋಡಿದರೆ ನನಗೆ ಈಗಲೂ ಕಣ್ಣು ತುಂಬುತ್ತದೆ.

ಆದರೆ ಮಧ್ಯಾಹ್ನ ಕಳೆಯುವ ಹೊತ್ತಿಗೆ ಮನಸ್ಸು ಮುದುಡುತ್ತದೆ. ಬೆಳಗ್ಗೆ ಕುಂಭ ಹೊತ್ತ ಹುಡುಗಿಯರು, ಬಿಸಿಲಲ್ಲಿ ಸಾಲಾಗಿ ನಡೆದ ಮಕ್ಕಳು ಊಟ ಮಾಡಿ ಮನೆಗೆ ಹೋಗಿಬಿಟ್ಟಿರುತ್ತಾರೆ. ಉದ್ಘಾಟನೆಯ ಭಾಷಣಗಳು ಬೆಳೆದು ಗೋಷ್ಠಿಗಳ ಹೊತ್ತನ್ನು ತಿಂದಿರುತ್ತವೆ. ಸಂಜೆಯ ಕವಿಗೋಷ್ಠಿಯಲ್ಲಿ ಹಳ್ಳಿಯಿಂದ ಬಸ್ಸು ಹತ್ತಿ ಬಂದ ಕವಿಗೆ ‘ಒಂದೇ ಕವಿತೆ, ಬೇಗ ಮುಗಿಸಿ’ ಎಂಬ ಸೂಚನೆ ಸಿಗುತ್ತದೆ. ಇಷ್ಟು ಜನ ಕೂಡಿದ ಕಡೆ ಯಾರೂ ಒಂದು ಸಾಲನ್ನೂ ಬರೆಯದೆ ಮನೆಗೆ ಹೋಗುತ್ತಾರಲ್ಲ ಎಂಬುದೇ ನನ್ನ ಸಂಕಟ. ಸಮ್ಮೇಳನಕ್ಕೆ ಒಂದು ದಿನ ಮೀಸಲಿಟ್ಟರೆ ಅದರ ಮರುದಿನ ಕಮ್ಮಟಕ್ಕೆ ಸಲ್ಲಬೇಕು. ಆ ಕಮ್ಮಟಕ್ಕೆ ವಯಸ್ಸಿನ ಕಟ್ಟು ಇರಬಾರದು. ಮೂರನೇ ಇಯತ್ತೆಯ ಹುಡುಗ, ಕಾಲೇಜಿನ ಹುಡುಗಿ, ಅಂಗನವಾಡಿಯ ಟೀಚರು, ಕುರಿ ಕಾಯುವವರು, ಹಲ್ಲುದುರಿದ ಅಜ್ಜಿ ಎಲ್ಲರಿಗೂ ಅಲ್ಲಿ ಜಾಗ ಇರಬೇಕು.

ಅಜ್ಜಿಗೆ ಅಕ್ಷರವೇ ಬಾರದಲ್ಲ, ಬರೆಯುವ ಕಮ್ಮಟದಲ್ಲಿ ಅವಳಿಗೇನು ಕೆಲಸ ಎಂದು ಕೇಳುವವರು ಒಮ್ಮೆ ಮೈಲಾರಕ್ಕೆ ಹೋಗಿಬರಬೇಕು. ಹಡಗಲಿ ತಾಲೂಕಿನ ಆ ಊರಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಡೆಂಕನಮರಡಿಯ ಬಯಲು ಜನರಿಂದ ಕಿಕ್ಕಿರಿಯುತ್ತದೆ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲೇರಿ ‘ಸದ್ದಲೇ’ ಎನ್ನುತ್ತಾನೆ. ಅಷ್ಟು ದೊಡ್ಡ ಬಯಲು ಗಪ್ಪಾಗುತ್ತದೆ. ಆಮೇಲೆ ಒಂದೇ ಒಂದು ಮಾತು, ಕಾರ್ಣಿಕವೆಂಬ ಭವಿಷ್ಯವಾಣಿ. ನುಡಿದವನು ಮೇಲಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿಯುತ್ತಾರೆ. ಮಾತು ಮಾತ್ರ ಅಲ್ಲಿ ನಿಲ್ಲುವುದಿಲ್ಲ. ಬಂಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ, ಬಸ್ಸಿನಲ್ಲಿ ಊರೂರಿಗೆ ಹೊರಡುತ್ತದೆ. ಮಳೆ ಹೇಗೋ, ಜೋಳ ಶೇಂಗಾದ ಧಾರಣೆ ಏನಾಗುತ್ತದೋ, ಆಳುವವರ ಗತಿ ಏನೋ ಎಂದು ಕಟ್ಟೆಯ ಮೇಲೆ ಕೂತ ರೈತರು ಆ ನಾಲ್ಕಾರು ಪದಗಳನ್ನು ಬಿಡಿಸುತ್ತಾ ಹೋಗುತ್ತಾರೆ. ಒಬ್ಬ ಹೇಳಿದ ಅರ್ಥವನ್ನು ಇನ್ನೊಬ್ಬ ಒಪ್ಪುವುದಿಲ್ಲ. ಮುಂಗಾರು ಬಂದ ಮೇಲೆ ಮತ್ತೆ ಅದೇ ಮಾತನ್ನು ತೆಗೆದು ‘ಅವತ್ತು ಹೇಳಿದ್ದು ಇದೇ ನೋಡು’ ಎನ್ನುತ್ತಾರೆ. ಕವಿತೆಯೊಂದನ್ನು ಇಷ್ಟು ದಿನ, ಇಷ್ಟು ಶ್ರದ್ಧೆಯಿಂದ ಓದುವ ತರಗತಿಯನ್ನು ನಾನು ಯಾವ ವಿಶ್ವವಿದ್ಯಾಲಯದಲ್ಲೂ ಕಂಡಿಲ್ಲ. ಭವಿಷ್ಯ ನಿಜವೋ ಸುಳ್ಳೋ ಎಂಬುದು ಬೇರೆ ಮಾತು. ಕಡಿಮೆ ಮಾತಿನಲ್ಲಿ ಹೆಚ್ಚು ಅರ್ಥ ತುಂಬುವುದು, ತುಂಬಿದ್ದನ್ನು ಬಿಡಿಸುವುದು, ಇವೆರಡೂ ಈ ಸೀಮೆಯ ಜನಕ್ಕೆ ಬಾಲ್ಯದಿಂದ ಬಂದ ವಿದ್ಯೆ.

ಬರೆದು ಉಳಿದದ್ದರ ಕಡೆಗೆ ನೋಡಿದರೂ ಈ ನೆಲ ಬಡವಲ್ಲ. ನಮಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ಗದ್ಯಕಥೆಗಳ ಗ್ರಂಥ ‘ವಡ್ಡಾರಾಧನೆ’. ಅದರಲ್ಲಿ 19 ಕಥೆಗಳು. ಅದನ್ನು ಬರೆದ ಶಿವಕೋಟ್ಯಾಚಾರ್ಯ ಕೋಗಳಿ ನಾಡಿನವನು ಎಂದು ಊಹಿಸಿದ ವಿದ್ವಾಂಸರಿದ್ದಾರೆ. ಆ ಕೋಗಳಿ ಇರುವುದು ಇದೇ ಹಗರಿಬೊಮ್ಮನಹಳ್ಳಿ ತಾಲೂಕಿನಲ್ಲಿ, ಹಳೆಯ ಬಸದಿ ಮತ್ತು ಶಾಸನಗಳ ಜೊತೆಗೆ. ಊಹೆ ಊಹೆಯಾಗಿಯೇ ಇರಲಿ. ಕಥೆ ಬರೆಯುವ ಕಮ್ಮಟವನ್ನು ಕೋಗಳಿಯ ಬಸದಿಯ ನೆರಳಲ್ಲಿ ಕೂತು ಮಾಡುವ ಆಸೆಗೆ ಅಷ್ಟು ಆಧಾರ ಸಾಕು.

ನನ್ನ ಮನಸ್ಸು ಹೆಚ್ಚು ನಿಲ್ಲುವುದು ಹರಪನಹಳ್ಳಿ ಭೀಮವ್ವನ ಬಳಿ. ಹುಟ್ಟಿದ್ದು ನಾರಾಯಣದೇವರಕೆರೆಯಲ್ಲಿ, ಬಾಳಿದ್ದು ಹರಪನಹಳ್ಳಿಯಲ್ಲಿ. ಹತ್ತೊಂಬತ್ತನೇ ಶತಮಾನ, ಹೆಣ್ಣುಮಕ್ಕಳಿಗೆ ಶಾಲೆಯ ಬಾಗಿಲು ತೆರೆಯದ ಕಾಲ. ಆ ಕಾಲದಲ್ಲಿ ‘ಭೀಮೇಶಕೃಷ್ಣ’ ಎಂಬ ಅಂಕಿತದಲ್ಲಿ ಆಕೆ ದೇವರನಾಮಗಳನ್ನು, ಉದ್ದುದ್ದ ಕಥನದ ಹಾಡುಗಳನ್ನು ಕಟ್ಟಿದರು. ಅವು ಪುಸ್ತಕದ ಅಂಗಡಿಗಿಂತ ಮೊದಲು ಅಡುಗೆಮನೆಗೆ, ತೊಟ್ಟಿಲ ಬದಿಗೆ, ಮದುವೆಯ ಚಪ್ಪರಕ್ಕೆ ಹೋದವು. ಒಬ್ಬರಿಂದ ಒಬ್ಬರಿಗೆ ಬಾಯಿಗೆ ಬಾಯಿ ಸೇರಿ ಉಳಿದವು. ಮನೆಮನೆಯ ಹೆಂಗಸರು ಆ ಹಾಡುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಹಾಳೆ ಹರಿದಾಗ ಮತ್ತೊಂದಕ್ಕೆ ಇಳಿಸಿಕೊಂಡು ಹಾಡುವುದನ್ನು ನಾನು ನೋಡಿದ್ದೇನೆ. ಆ ನಾರಾಯಣದೇವರಕೆರೆ ಈಗಿಲ್ಲ. 1950ರ ದಶಕದಲ್ಲಿ ತುಂಗಭದ್ರಾ ಜಲಾಶಯದ ಹಿನ್ನೀರು ಅದನ್ನು ನುಂಗಿತು. ಅದೇ ಊರಲ್ಲಿ 1940ರಲ್ಲಿ ಹುಟ್ಟಿದ ಎಂ.ಪಿ. ಪ್ರಕಾಶ್ ಮುಂದೆ ಹಡಗಲಿಯಲ್ಲಿ ‘ರಂಗಭಾರತಿ’ ಕಟ್ಟಿ ನಾಟಕ ಆಡಿಸಿದರು, ಮಂತ್ರಿಯಾದಾಗ ಹಂಪಿ ಉತ್ಸವಕ್ಕೆ ಚಾಲನೆ ಕೊಟ್ಟರು. ಮುಳುಗಿದ ಊರಿನ ಹಾಡು, ಮುಳುಗಿದ ಊರಿನ ನಾಟಕದ ಹುಚ್ಚು ಮಾತ್ರ ದಂಡೆಯ ಮೇಲೆ ಉಳಿದುಕೊಂಡವು. ಹೀಗೆ ಮುಳುಗಿದ ಊರುಗಳನ್ನು ಬಿಟ್ಟೆದ್ದು ಬಂದಾಗ ಮಕ್ಕಳಾಗಿದ್ದವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಮನೆಯ ತೊಲೆ ಬಿಚ್ಚಿ ಬಂಡಿಗೆ ಹೇರಿದ್ದು, ದೇವರನ್ನು ಎತ್ತಿಕೊಂಡು ನಡೆದದ್ದು ಅವರಿಗೆ ನೆನಪಿರುತ್ತದೆ. ಬರೆದುಕೊಳ್ಳಲು ನಾವು ಇನ್ನೆಷ್ಟು ವರ್ಷ ತಡಮಾಡಬೇಕು?

ನಗೆಬರಹದ ಬೀಚಿ, ಕುಂವೀ ಎಂದೇ ಕರೆಸಿಕೊಳ್ಳುವ ಕಥೆಗಾರ ಕುಂ. ವೀರಭದ್ರಪ್ಪ, ಇವರ ಹೆಸರನ್ನು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೂ ಮಕ್ಕಳಿಗೆ ಹೇಳಬೇಕಾದ ಸಂಗತಿಯೊಂದಿದೆ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿಯವರಿಗೆ ಮೊದಲು ಕನ್ನಡದ ಮೇಲೆ ಒಲವೇ ಇರಲಿಲ್ಲ. ಬಳ್ಳಾರಿ ಸೀಮೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಅ.ನ.ಕೃ. ಅವರ ‘ಸಂಧ್ಯಾರಾಗ’ ಎಂಬ ಒಂದೇ ಕಾದಂಬರಿ ಪೊಲೀಸ್ ಇಲಾಖೆಯ ನೌಕರಿಯಲ್ಲಿದ್ದ ಬೀಚಿಯವರನ್ನು ಕನ್ನಡದ ಕಡೆಗೆ ಎಳೆಯಿತು. ಒಂದು ಪುಸ್ತಕ ಸರಿಯಾದ ಹೊತ್ತಿಗೆ ಕೈಗೆ ಸಿಗುವುದು ಅಂದರೆ ಇದು. ಕೊಟ್ಟೂರಿನ ಕುಂವೀ ಆಂಧ್ರದ ಹಳ್ಳಿಗಳಲ್ಲಿ ಮೇಷ್ಟರಾಗಿದ್ದುಕೊಂಡೇ ಇಲ್ಲಿಯ ಮಾತನ್ನು ಕಥೆಗೆ ತಂದರು, ‘ಅರಮನೆ’ ಕಾದಂಬರಿಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತಮ್ಮೂರ ಸಂತೆಯ ಬೈಗುಳ, ಚೌಕಾಸಿ, ನಗೆ ಕಾದಂಬರಿಯಾಗಬಲ್ಲದು ಎಂಬುದು ಕೊಟ್ಟೂರಿನ ಹುಡುಗನಿಗೆ ತನ್ನ ಓಣಿಯಲ್ಲೇ ಸಿಗುವ ಪಾಠ.

ಹಗರಿಬೊಮ್ಮನಹಳ್ಳಿಯಿಂದ ಹೊಸಪೇಟೆಗೆ ಹೋಗುವಾಗ ಸಿಗುವ ಮರಿಯಮ್ಮನಹಳ್ಳಿಯ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ನನ್ನ ಈ ಹಂಬಲಕ್ಕೆ ದಾರಿ ತೋರಿಸಿದ ಪುಸ್ತಕ. ಬದುಕಿದವರು ಮಂಜಮ್ಮ, ಅದನ್ನು ಕೇಳಿ ಬರಹಕ್ಕಿಳಿಸಿದವರು ಜಾನಪದ ಸಂಶೋಧಕ ಅರುಣ್ ಜೋಳದಕೂಡ್ಲಿಗಿ. ಮಂಜಮ್ಮನವರಿಗೆ 2021ರ ಪದ್ಮಶ್ರೀ ಬಂದಾಗ ದೇಶವೇ ತಿರುಗಿ ನೋಡಿತು. ಹೇಳುವವರೊಬ್ಬರು, ಬರೆಯುವವರೊಬ್ಬರು ಕೂಡಿ ಕೂತರೆ ಎಂಥ ಪುಸ್ತಕ ಬರುತ್ತದೆ ಎನ್ನಲು ನಮಗೆ ಬೇರೆ ಸಾಕ್ಷಿ ಬೇಕಿಲ್ಲ. ನಾನು ಕೇಳುವುದು ಅದನ್ನೇ, ಶಾಲೆಯ ಅಂಗಳದ ಅಳತೆಯಲ್ಲಿ. ಒಂದು ಚಾಪೆ, ಒಬ್ಬ ಹಿರಿಯರು, ಒಂದು ಮಗು, ಒಂದು ನೋಟ್‌ಬುಕ್ಕು.

ಕೊಟ್ಟೂರು ಕಡೆಯ ಒಂದು ಸರಕಾರಿ ಶಾಲೆಯಲ್ಲಿ ಇಂಥದ್ದನ್ನು ಸಣ್ಣದಾಗಿ ಮಾಡಿದಾಗ ನಾನೂ ಇದ್ದೆ. ಬಂದ ಅಜ್ಜಿಯರೆಲ್ಲ ಮೊದಲು ಹೇಳಿದ್ದು ಒಂದೇ ಮಾತು: ‘ನಂಗೇನು ಬರ್ತೈತಪ್ಪ, ಹೆಬ್ಬೆಟ್ಟು ನಾನು.’ ಒಬ್ಬಳ ಮೊಮ್ಮಗಳು ಪೆನ್ನು ಹಿಡಿದು ‘ಯಜ್ಜೀ, ಬರಗಾಲದಾಗ ಏನ್ ಉಣ್ತಿದ್ರಿ ಹೇಳು’ ಎಂದಳು. ಅಷ್ಟೇ ಸಾಕಾಯಿತು. ಗಂಜಿ ಕೇಂದ್ರ, ಬತ್ತಿದ ಬಾವಿ, ಮೇವಿಲ್ಲದೆ ಮಾರಿದ ಎತ್ತು, ಆ ಎತ್ತಿನ ಹೆಸರು, ಸಂತೆಯಲ್ಲಿ ಅದು ಹಿಂತಿರುಗಿ ನೋಡಿದ್ದು. ಹುಡುಗಿ ಬರೆಯುತ್ತಾ ಹಿಂದೆ ಬಿದ್ದಳು. ‘ತಡಿ ಯಜ್ಜಿ, ನಿಧಾನ’ ಎಂದು ಕೈ ಹಿಡಿದಳು. ಎತ್ತಿನ ಹೆಸರನ್ನು ಮಾತ್ರ ಎರಡು ಸಲ ಕೇಳಿ ಬರೆದುಕೊಂಡಳು. ಏನನ್ನು ಬಿಡಬಾರದು ಎಂಬುದು ಆ ಮಗುವಿಗೆ ಯಾರೂ ಕಲಿಸದೆ ತಿಳಿದಿತ್ತು.

ಕಷ್ಟ ಬಂದದ್ದು ಆಮೇಲೆ. ಬರೆದದ್ದನ್ನು ಓದು ಎಂದಾಗ ಆ ಹುಡುಗಿ ಪಠ್ಯಪುಸ್ತಕದ ಭಾಷೆಗೆ ತಿರುಗಿಸಿ ಓದತೊಡಗಿದಳು. ‘ಉಣ್ತಿದ್ವಿ’ ಹೋಗಿ ‘ಸೇವಿಸುತ್ತಿದ್ದೆವು’ ಬಂತು. ಅಜ್ಜಿಯ ಮುಖ ನೋಡಿದರೆ ಅದು ಯಾರದೋ ಕಥೆ ಎನ್ನುವಂತಿತ್ತು. ತಪ್ಪು ಹುಡುಗಿಯದಲ್ಲ. ಮನೆಯ ಮಾತು ಬರೆದರೆ ಕೆಂಪು ಗೆರೆ ಬೀಳುತ್ತದೆ ಎಂದು ಅವಳಿಗೆ ನಾವೇ ಕಲಿಸಿದ್ದೇವೆ. ಇಂಥ ಹೊತ್ತಿನಲ್ಲಿ ನನಗೆ ಚಿಗಟೇರಿಯ ಮುದೇನೂರು ಸಂಗಣ್ಣನವರು ನೆನಪಾಗುತ್ತಾರೆ. ‘ಸೂಳೆ ಸಂಕವ್ವ’ ನಾಟಕ ಬರೆದ ಈ ಹಿರಿಯರು ಹರಪನಹಳ್ಳಿ ತಾಲೂಕಿನ ತಮ್ಮ ಊರಿನ ಆಡುಮಾತುಗಳನ್ನು ಕೂಡಿಹಾಕಿ ‘ಚಿಗಟೇರಿ ಪದಕೋಶ’ ಮಾಡಿದರು. ಒಂದು ಹಳ್ಳಿಯ ಮಾತಿಗೆ ಒಂದು ನಿಘಂಟು! ನೇಗಿಲ ಭಾಗಗಳಿಂದ ಹಿಡಿದು ಬೈಗುಳದ ತನಕ ಯಾವ ಪದವನ್ನೂ ಕೀಳೆಂದು ಬಿಡದ ಮನಸ್ಸು ಬೇಕು ಇಂಥ ಕೆಲಸಕ್ಕೆ. ಕಮ್ಮಟ ನಡೆಸುವ ಮೇಷ್ಟರುಗಳಲ್ಲಿ ನನ್ನ ವಿನಂತಿ ಇಷ್ಟೇ. ಮೊದಲ ದಿನ ಕೆಂಪು ಪೆನ್ನನ್ನು ಮನೆಯಲ್ಲೇ ಬಿಟ್ಟು ಬನ್ನಿ. ಕಾಗುಣಿತ ತಿದ್ದಲು ವರ್ಷವಿಡೀ ಇದೆ.

ಯಾವಾಗ ಮಾಡಬೇಕು ಎಂಬುದನ್ನೂ ಯೋಚಿಸಬೇಕು. ಕೂಡ್ಲಿಗಿ ಕಡೆಯಿಂದ ಸುಗ್ಗಿ ಮುಗಿದ ಮೇಲೆ ಜನ ಗುಳೆ ಹೋಗುತ್ತಾರೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ, ಮಲೆನಾಡಿನ ಕಾಫಿ ತೋಟಗಳಿಗೆ. ಬೇಸಿಗೆಯಲ್ಲಿ ಹಳ್ಳಿಯಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. ಆ ಮನೆಗಳಲ್ಲಿ ಹೇಳುವವರೂ ಬರೆಯುವವರೂ ಈಗಾಗಲೇ ಒಂದೇ ಸೂರಿನಡಿ ಇದ್ದಾರೆ, ನಡುವಿನ ತಲೆಮಾರು ಮಾತ್ರ ದೂರದಲ್ಲಿದೆ. ಬೇಸಿಗೆ ರಜೆಯ ಕಮ್ಮಟದಲ್ಲಿ ಆ ಮಕ್ಕಳು ಅಪ್ಪ ಅವ್ವನಿಗೆ ಪತ್ರ ಬರೆಯಲಿ, ಅಜ್ಜ ಹೇಳಿದ ನಾಲ್ಕು ಮಾತೂ ಅದರಲ್ಲಿ ಸೇರಲಿ. ಗಾಂಧೀಜಿಯ ಚಿತಾಭಸ್ಮದ ಸ್ಮಾರಕವಿರುವ ಕೂಡ್ಲಿಗಿಯಲ್ಲಿ, ದಿನವೂ ರಾಶಿ ಪತ್ರ ಬರೆಯುತ್ತಿದ್ದ ಆ ಮನುಷ್ಯನ ಹೆಸರು ಹೇಳಿ ಶುರುಮಾಡಿದರೆ ತಕ್ಕದ್ದೇ. ಗುಳೆಯಿಂದ ಹಿಂತಿರುಗಿದವರನ್ನೂ ಕಮ್ಮಟಕ್ಕೆ ಕರೆಯಬೇಕು. ಕಾಫಿ ತೋಟದ ಲೈನ್ ಮನೆಯ ಬದುಕನ್ನು ಅವರ ಹೊರತು ಬೇರೆ ಯಾರು ಬರೆಯಬೇಕು?

ದುಡ್ಡು ಎಲ್ಲಿಂದ ಎನ್ನುತ್ತಾರೆ. ಸಾಗರದ ಬಳಿಯ ಹೆಗ್ಗೋಡಿನಲ್ಲಿ 1949ರಲ್ಲಿ ಅಡಿಕೆ ಬೆಳೆಯುವ ಹಳ್ಳಿಗರು ಕೂಡಿ ನೀನಾಸಂ ಶುರುಮಾಡಿದಾಗ ಮೊದಲು ಇದ್ದದ್ದು ಕೂಡಿ ಕೂರುವ ಆಸೆಯೇ. ನಮ್ಮಲ್ಲಿ ಈಗ ಗ್ರಾಮ ಪಂಚಾಯಿತಿಗಳಲ್ಲಿ ಅರಿವು ಕೇಂದ್ರ ಎಂಬ ಗ್ರಂಥಾಲಯಗಳಿವೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ ಆ ಗ್ರಂಥಾಲಯಗಳ ಸದಸ್ಯತ್ವವನ್ನು ಮಕ್ಕಳಿಗೆ ಉಚಿತ ಮಾಡಿತು. ಕಮ್ಮಟಕ್ಕೆ ಜಾಗ ಅದೇ. ಹಮಾಲರಿಗೆ, ಅಂಗಡಿಯವರಿಗೆ ರಾತ್ರಿ ಕೂರಬೇಕೆನಿಸಿದರೆ ಕೊಟ್ಟೂರಿನ ದೇವಸ್ಥಾನದ ಕಟ್ಟೆಯಿದೆ. ಶಿವರಾತ್ರಿಯ ಆಸುಪಾಸಿನಲ್ಲಿ ಕೊಟ್ಟೂರೇಶ್ವರನ ತೇರಿಗೆ ದೂರದೂರದಿಂದ ನಡೆದು ಬರುವವರಿಗೆ ದಾರಿಯುದ್ದಕ್ಕೂ ಊಟ ನೀರು ಕೊಡುವ ಜನ ಈ ಸೀಮೆಯವರು. ಒಂದು ದಿನದ ಕಮ್ಮಟಕ್ಕೆ ಅನ್ನ ಹಾಕಲಾರರೇ?

ಬರೆದದ್ದನ್ನು ಕಟ್ಟಿಡುವುದನ್ನು ಮರೆಯಬಾರದು. ಜೆರಾಕ್ಸ್ ಮಾಡಿ, ಪಿನ್ ಹೊಡೆದು, ಆಯಾ ಪಂಚಾಯಿತಿಯ ಅರಿವು ಕೇಂದ್ರದ ಕಪಾಟಿನಲ್ಲಿ ಇಡಬೇಕು. ಮುಂದಿನ ವರ್ಷದ ಸಮ್ಮೇಳನದ ಮೆರವಣಿಗೆಯಲ್ಲಿ ಆ ಪುಸ್ತಿಕೆಯೂ ಬಂಡಿ ಏರಬೇಕು. ಪ್ರತಿ ಬರಹದ ಕೆಳಗೆ ಇಬ್ಬರ ಹೆಸರೂ ಇರಲಿ, ಹೇಳಿದವರದು ಮೊದಲು, ಬರೆದವರದು ಆಮೇಲೆ, ಇಬ್ಬರ ಊರೂ ಜೊತೆಗೆ. ಎತ್ತಿನ ಕಥೆಯಾದರೆ ಎತ್ತಿನ ಹೆಸರೂ ಇರಲಿ.