ಬೊಂಡಕ್ಕೆ ಚಟ್ನಿ

ಏಪ್ರಿಲ್ ಮೊದಲ ವಾರ. ಎರಡು ತಿಂಗಳ ನಿಯೋಜನೆಯ ಆದೇಶ ಜೇಬಿನಲ್ಲಿಟ್ಟುಕೊಂಡು ಮಂಗಳೂರಿನ ಬಿಜೈ ಬಸ್ ನಿಲ್ದಾಣದಲ್ಲಿ ಇಳಿದೆ. ಹತ್ತು ಗಂಟೆಗೇ ಅಂಗಿ ಬೆನ್ನಿಗಂಟಿತ್ತು. ಚಕ್ರ ಮುರಿದ ಸೂಟ್‌ಕೇಸಿನ ಜೊತೆ ಬಗ್ಗಿ ಗುದ್ದಾಡುತ್ತಿದ್ದಾಗ ಹಿಂದಿನಿಂದ ಯಾರೋ "ಬೊಂಡ ಬೇಕಾ ಅಣ್ಣಾ?" ಎಂದರು. ರಾತ್ರಿ ಊಟವಿಲ್ಲದ ಹೊಟ್ಟೆ. ತಲೆ ಎತ್ತದೆಯೇ "ಎರಡು ಪ್ಲೇಟ್ ಕೊಡಿ, ಚಟ್ನಿ ಜಾಸ್ತಿ ಹಾಕಿ" ಎಂದುಬಿಟ್ಟೆ. ತಿರುಗಿ ನೋಡಿದರೆ ಕೈಯಲ್ಲಿ ಕತ್ತಿ ಹಿಡಿದ ಎಳನೀರಿನವ. ನಾನು ಮದ್ದೂರಿನವನು. ವಡೆಗೆ ಹೆಸರಾದ ಊರು, ಎಳನೀರಿನ ದೊಡ್ಡ ಮಾರುಕಟ್ಟೆ ಇರುವುದೂ ಅಲ್ಲೇ. ಎರಡರಲ್ಲೂ ಪಳಗಿದವನು ಒಂದು ದೀರ್ಘಕ್ಕೆ ಎಡವಿದ್ದೆ. ನಮ್ಮ ಬೋಂಡ ಬಾಣಲೆಯಲ್ಲಿ ಬೇಯುತ್ತದೆ, ಅವರ ಬೊಂಡ ಮರದಲ್ಲಿ ಬಿಡುತ್ತದೆ. ಅವನೇನೂ ನಗಲಿಲ್ಲ. "ಚಟ್ನಿ ಇಲ್ಲ, ಸ್ಟ್ರಾ ಉಂಟು" ಎಂದ.

ಹೊಸ ಊರಿನಲ್ಲಿ ತಿಂಡಿ ಹುಡುಕಿಕೊಂಡು ಅಲೆಯುವುದು ನನ್ನ ಹಳೆಯ ಚಟ. ಅದಕ್ಕೊಂದು ಕ್ರಮವಿದೆಯೆಂದು ತಿಳಿದದ್ದು ಮಾತ್ರ ಮಂಗಳೂರಿನಲ್ಲಿ. ಮೊದಲ ವಾರ ಮೊಬೈಲ್ ನಂಬಿದೆ. ಅದು ನಾಲ್ಕೂವರೆ ನಕ್ಷತ್ರ ಕೊಟ್ಟಿದ್ದ ಎ.ಸಿ. ಹೋಟೆಲೊಂದರಲ್ಲಿ (ಹೆಸರು ಬೇಡ) ರಾತ್ರಿ ಒಂಬತ್ತಕ್ಕೆ ಬನ್ಸ್ ತರಿಸಿದೆ. ಬಂದದ್ದು ಬೆಳಗ್ಗೆ ಕರಿದು ರಾತ್ರಿ ಬಿಸಿ ಮಾಡಿದ ಚರ್ಮದ ಚೀಲ. ಮಾರನೆಯ ದಿನ ಕಚೇರಿಯ ಸಹೋದ್ಯೋಗಿಯ ಹತ್ತಿರ ಗೋಳು ಹೇಳಿಕೊಂಡರೆ ಅವರು ಹೋಟೆಲನ್ನು ಬೈಯಲಿಲ್ಲ, ನನ್ನನ್ನೇ ಬೈದರು: "ರಾತ್ರಿ ಯಾರಾದರೂ ಬನ್ಸ್ ತಿಂತಾರಾ ಮಾರಾಯ್ರೆ?"

ಅಂದಿನಿಂದ ಅಂಗಡಿಯ ವಿಳಾಸ ಬಿಟ್ಟು ಅಂಗಡಿಯ ಹೊತ್ತು ವಿಚಾರಿಸತೊಡಗಿದೆ.

ರಥಬೀದಿಯ ಕಡೆ ಆರು ಮೇಜಿನ ಒಂದು ಹೋಟೆಲು. ಎಂಟೂವರೆಗೆ ಹೋಗಿ "ಬನ್ಸ್ ಉಂಟಾ?" ಎಂದೆ, ಕಲಿತ 'ಉಂಟು'ವನ್ನು ಮೆರೆಸುತ್ತಾ. ಸಪ್ಲೈಯರ್ ಒಂದೇ ಮಾತು ಹೇಳಿದ: "ಇತ್ತು." ಎಂಟಕ್ಕೆ ಹೋದ ದಿನವೂ ಅದೇ "ಇತ್ತು." ಮೂರನೆಯ ದಿನ ಏಳೂಕಾಲಕ್ಕೆ ಹೋದೆ. ಎರಡು ಬನ್ಸ್ ಬಂದವು. ಸಿಪ್ಪೆ ಕಪ್ಪಾಗುವಷ್ಟು ಹಣ್ಣಾದ ಬಾಳೆಹಣ್ಣನ್ನು ಸಕ್ಕರೆ, ಮೊಸರಿನ ಜೊತೆ ಕಿವುಚಿ, ಜೀರಿಗೆ, ಚಿಟಿಕೆ ಸೋಡ ಸೇರಿಸಿ ಮೈದಾ ಕಲಸಿ ರಾತ್ರಿಯಿಡೀ ಇಟ್ಟ ಹಿಟ್ಟು ಅದು. ಮುರಿದರೆ ಒಳಗೆಲ್ಲ ಜೇಡರ ಬಲೆಯಂಥ ಎಳೆ, ಎಳೆಯ ನಡುವಿನಿಂದ ಹಬೆ. ಸಿಹಿಯ ಬನ್ಸಿಗೆ ಖಾರದ ಕಾಯಿಚಟ್ನಿ. ಬೆಲ್ಲಕ್ಕೆ ಉಪ್ಪಿನಕಾಯಿ ನೆಂಚಿಕೊಂಡ ಹಾಗಾದೀತೆಂದು ಹೆದರಿದ್ದೆ. ಆಗಲಿಲ್ಲ. ಜೀರಿಗೆ ನಡುವೆ ನಿಂತು ಇಬ್ಬರಿಗೂ ರಾಜಿ ಮಾಡಿಸಿತ್ತು.

ಅಲ್ಲೇ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ 'ಸಜ್ಜಿಗೆ ಬಜಿಲ್' ಎಂದು ಬರೆದಿತ್ತು. ನಮ್ಮ ಕಡೆ ಸಜ್ಜಿಗೆಯೆಂದರೆ ಪೂಜೆಯ ಪ್ರಸಾದ. ತುಪ್ಪ, ದ್ರಾಕ್ಷಿ, ಗೋಡಂಬಿ. ಆಸೆಯಿಂದ ಹೇಳಿದೆ. ಬಂದದ್ದು ಉಪ್ಪಿಟ್ಟು! ಕಾಂಕ್ರೀಟೆಂದು ಮನೆಯಲ್ಲಿ ಮೂಗು ಮುರಿದು ಏಳುತ್ತಿದ್ದ ಅದೇ ಉಪ್ಪಿಟ್ಟು ಮದ್ದೂರಿನಿಂದ ಇಲ್ಲಿಯವರೆಗೂ ಹಿಂಬಾಲಿಸಿ ಬಂದು ತಟ್ಟೆಯಲ್ಲಿ ಕೂತಿತ್ತು. ಆದರೆ ಅದರ ಪಕ್ಕದಲ್ಲಿ ತೆಂಗಿನತುರಿ, ಖಾರ, ಬೆಲ್ಲ ಬೆರೆಸಿದ ತೆಳು ಅವಲಕ್ಕಿ. ತುಳುವಿನಲ್ಲಿ ಅವಲಕ್ಕಿಗೆ ಬಜಿಲ್ ಎನ್ನುತ್ತಾರೆ. ಮೆತ್ತಗಿನ ಸಜ್ಜಿಗೆಯನ್ನೂ ಗರಿಗರಿ ಬಜಿಲನ್ನೂ ಬೆರಳಲ್ಲೇ ಕಲಸಿ ಬಾಯಿಗಿಡಬೇಕು. ಉಪ್ಪಿಟ್ಟಿನ ಬಗ್ಗೆ ನಲವತ್ತು ವರ್ಷ ಆಡಿದ ಮಾತುಗಳಲ್ಲಿ ಅರ್ಧ ಅಲ್ಲೇ ಹಿಂತೆಗೆದುಕೊಂಡೆ. ಇನ್ನರ್ಧ ನಮ್ಮ ಮನೆಯ ಉಪ್ಪಿಟ್ಟಿಗೆ ಹಾಗೇ ಇರಲಿ.

ಮಧ್ಯಾಹ್ನ ಮೀನೂಟ. ಮದ್ದೂರಿನ ಬೇಸಿಗೆಯಲ್ಲಿ ಬೆವರು ಬಂದಷ್ಟೇ ಬೇಗ ಆರುತ್ತದೆ. ಇಲ್ಲಿ ಆರುವ ಮಾತೇ ಇಲ್ಲ. ಆ ಸೆಕೆಗೆ ಹಸಿವು ಸತ್ತಿರುತ್ತದೆ, ಅದನ್ನು ಎಬ್ಬಿಸುವುದು ಬಂಗುಡೆಯ ಹುಳಿಖಾರದ ಸಾರು, ಪುಳಿಮುಂಚಿ. ಮುದ್ದೆಯ ಗಂಟಲಿಗೆ ಕುಚ್ಚಲಕ್ಕಿ ಅನ್ನ ಮೊದಮೊದಲು ಪರಕೀಯ ಎನಿಸಿತು; ದಪ್ಪ ಕಾಳು, ಅಗಿದಷ್ಟೂ ಮುಗಿಯದು. ವಾರ ಕಳೆಯುವಷ್ಟರಲ್ಲಿ ನಮ್ಮ ಬಿಳಿ ಅನ್ನ, ಇಲ್ಲಿಯವರ ಬೆಳ್ತಿಗೆ, ಸಪ್ಪೆಯಾಯಿತು. ಕಲಿತ ಇನ್ನೊಂದು ಪಾಠ: ಮೆನು ಕೇಳಬಾರದು, "ಇವತ್ತು ಯಾವ ಮೀನು ಬಂದಿದೆ?" ಎಂದು ಕೇಳಬೇಕು. ಅಂಜಲ್ ದೊಡ್ಡ ಮನುಷ್ಯರ ಮೀನು. ಬೂತಾಯಿಯಲ್ಲಿ ಮುಳ್ಳು ಹೆಚ್ಚು, ಬೆಲೆ ಕಡಿಮೆ, ರುಚಿಯಲ್ಲಿ ಮಾತ್ರ ಯಾರಿಗೂ ಬಗ್ಗುವುದಲ್ಲ. ನನ್ನ ಓಟು ಬೂತಾಯಿಗೆ.

ಕೋರಿರೊಟ್ಟಿಯಲ್ಲಿ ಹೊತ್ತಿನ ಲೆಕ್ಕ ಗಂಟೆಯದಲ್ಲ, ನಿಮಿಷದ್ದು. ಹಪ್ಪಳದಂಥ ಅಕ್ಕಿರೊಟ್ಟಿಯನ್ನು ಮುರಿದು ಹಾಕಿ ಮೇಲೆ ಕೋಳಿಸಾರು ಸುರಿಯುತ್ತಾರೆ. ಕೂಡಲೇ ತಿಂದರೆ ಸದ್ದೇ ಹೆಚ್ಚು. ಫೋನ್ ಬಂತೆಂದು ಎದ್ದು ಹೋದರೆ ಗಂಜಿ. ಅಂಚು ಗರಿಗರಿಯಾಗಿದ್ದು ನಡು ಮೆತ್ತಗಾಗುವ ಒಂದು ಘಳಿಗೆ ಇದೆ, ಆಗ ಕೈ ಹಾಕಬೇಕು.

ಸಂಜೆ ನಾಲ್ಕು ಗಂಟೆಯ ಗೋಳಿಬಜೆಗೆ ನಾನು ತಿನ್ನಲು ಎಷ್ಟು ಹೋದೆನೋ ನೋಡಲೂ ಅಷ್ಟೇ ಹೋದೆ. ಹಂಪನಕಟ್ಟೆಯ ಒಳಗಲ್ಲಿಯ ಕ್ಯಾಂಟೀನು. ಭಟ್ಟರಿಗೆ ಅರವತ್ತರ ಮೇಲಿರಬೇಕು. ಮೈದಾ, ಹುಳಿಮೊಸರು, ಶುಂಠಿ, ಹಸಿಮೆಣಸು, ಕರಿಬೇವು, ಕಾಯಿಚೂರು ಕೂಡಿಸಿ ಹೊಡೆದ ಹಿಟ್ಟು ಪಾತ್ರೆಯಲ್ಲಿ ಉಸಿರಾಡುತ್ತಾ ಕೂತಿರುತ್ತದೆ. ಬಲಗೈಯನ್ನು ನೀರಿಗೆ ಅದ್ದಿ ಬೆರಳತುದಿಯಲ್ಲಿ ಹಿಟ್ಟು ತೆಗೆದು, ಹೆಬ್ಬೆರಳಿನಿಂದ ಒಂದು ದೂಡು. ಎಣ್ಣೆಗೆ ಬಿದ್ದದ್ದು ಮುಳುಗಿ, ಎರಡು ಕ್ಷಣಕ್ಕೆ ಮೇಲೆದ್ದು, ಊದಿ, ಸಾಮಾನ್ಯವಾಗಿ ತಾನೇ ಮಗುಚಿಕೊಳ್ಳುತ್ತದೆ. ಮಗುಚದ ಒಂದೆರಡನ್ನು ಮಾತ್ರ ಜಾಲರಿ ಸೌಟಿನಿಂದ ತಟ್ಟುತ್ತಾರೆ, ನಿದ್ದೆ ಬಿಡದ ಹುಡುಗರನ್ನು ಶಾಲೆಗೆ ಎಬ್ಬಿಸುವ ಹಾಗೆ. ಇಷ್ಟೊಂದು ಸಮನಾದ ಉಂಡೆ ಹೇಗೆ ಬರುತ್ತದೆಂದು ಕೇಳಿದೆ. "ನೋಡಿದ್ರೆ ಬರುದಿಲ್ಲ," ಎಂದರು, ಕಣ್ಣು ರಸ್ತೆಯ ಮೇಲೆ, ಕೈ ತನ್ನ ಪಾಡಿಗೆ. ಹೊರ ಊರುಗಳಲ್ಲಿ ಇದನ್ನೇ ಮಂಗಳೂರು ಬಜ್ಜಿ ಎಂದು ಮಾರುತ್ತಾರೆ. ಅದರಲ್ಲಿ ಮಂಗಳೂರು ಇರುವುದು ಹೆಸರಿನಲ್ಲಷ್ಟೇ.

ಒಂದು ಭಾನುವಾರ ಕಲ್ಲಡ್ಕಕ್ಕೆ ಬಸ್ ಹತ್ತಿದೆ, ಒಂದು ಲೋಟ ಕೆ.ಟಿ.ಗಾಗಿ, ಅಂದರೆ ಕಲ್ಲಡ್ಕ ಟೀಗಾಗಿ. ಸಕ್ಕರೆ ಬೆರೆತ ಹಾಲು ಕೆಳಗೆ, ಡಿಕಾಕ್ಷನ್ ಮೇಲೆ, ನಡುವೆ ಗೆರೆ ಎಳೆದ ಹಾಗೆ. ಸಕ್ಕರೆಯ ಹಾಲು ಭಾರ, ಅದರ ಮೇಲೆ ನಿಧಾನಕ್ಕೆ ಬಿಟ್ಟ ಡಿಕಾಕ್ಷನ್ ತೇಲುತ್ತದೆ, ಅಷ್ಟೇ ವಿದ್ಯೆ. ನಿಜ ಹೇಳಬೇಕೆಂದರೆ ಕಲಕಿದ ಮೇಲೆ ಅದು ಒಳ್ಳೆಯ ಚಹಾ, ಹೆಚ್ಚೇನಲ್ಲ. ಆದರೆ ಕಲಕಲು ಮನಸ್ಸು ಬಾರದೆ ಐದು ನಿಮಿಷ ಕೂರುತ್ತೇವಲ್ಲ, ಬಸ್ಸಿನ ದುಡ್ಡು ಅದಕ್ಕೆ. ಇನ್ನು ಗಡ್‌ಬಡ್ ಐಸ್‌ಕ್ರೀಮಿನ ಬಗ್ಗೆ ನಾನು ಹೆಚ್ಚು ಹೇಳುವುದು ಬೇಡ. ಅದರ ತವರು ಉಡುಪಿಯೆಂಬ ಮಾತಿದೆ, ಮಂಗಳೂರಿನಲ್ಲಿ 1975ರಲ್ಲಿ ಶುರುವಾದ ಐಡಿಯಲ್‌ನ ಮುಂದೆ ಬೇಸಿಗೆಯ ರಾತ್ರಿ ನಿಲ್ಲುವ ಜನರೇ ಉಳಿದದ್ದನ್ನು ಹೇಳುತ್ತಾರೆ. ನನ್ನ ದಾಹಕ್ಕೆ ಪುನರ್ಪುಳಿ ಶರಬತ್ತೇ ಮೇಲು.

ಇಷ್ಟೆಲ್ಲ ಅಲೆದರೂ ಎರಡು ತಿಂಗಳಲ್ಲಿ ತಿಂದ ಅತ್ಯುತ್ತಮ ತಿಂಡಿ ಯಾವ ಅಂಗಡಿಯದೂ ಅಲ್ಲ. ಮೇ ಕೊನೆಯಲ್ಲಿ ಅದೇ ಸಹೋದ್ಯೋಗಿ ಸ್ಟೀಲ್ ಡಬ್ಬಿಯಲ್ಲಿ ಹಲಸಿನಹಣ್ಣಿನ ಗಟ್ಟಿ ತಂದಿದ್ದರು, ತೇಗದ ಎಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸಿದ್ದು. ಎಲೆಯ ಬಣ್ಣ ಇಳಿದು ಗಟ್ಟಿಯ ಮೈ ಕೆಂಪೇರಿತ್ತು. "ಇದು ಎಷ್ಟು ಹೊತ್ತಿಗೆ ತಿನ್ನುವುದು?" ಎಂದು ಕೇಳಿದೆ, ಕಲಿತ ವಿದ್ಯೆ ಬಿಡಲಾರದೆ. "ಯಾರೂ ನೋಡದಾಗ," ಎಂದು ಡಬ್ಬಿ ನನ್ನ ಮೇಜಿನ ಕೆಳಗೆ ತಳ್ಳಿದರು.

ಮೇ 31ಕ್ಕೆ ನಿಯೋಜನೆ ಮುಗಿಯಿತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನಿನ ರೇಟು ಏರುತ್ತದೆ. ಹೋಗುವವರು ಅದಕ್ಕೆ ಮೊದಲೇ ಹೋಗಿ. ಬನ್ಸಿಗೆ ಏಳೂವರೆಯೊಳಗೆ, ಗೋಳಿಬಜೆಗೆ ನಾಲ್ಕಕ್ಕೆ. ಬಸ್ಸಿಳಿದ ಕೂಡಲೇ ಯಾರಾದರೂ ಬೊಂಡ ಬೇಕಾ ಎಂದರೆ ಮೊದಲು ತಿರುಗಿ ನೋಡಿ.