ಇಲ್ಲಿ ದೋಸೆ ಹೊಯ್ಯಲು ಎದ್ದೆ

ಹೋದ ತಿಂಗಳು ಒಂದು ಕತೆ ಬರೆದು ಮುಗಿಸಿದೆ. ಹನ್ನೊಂದು ಪುಟ. ಪತ್ರಿಕೆಗೆ ಕಳಿಸುವ ಮುಂಚೆ ಎಂ.ಎ. ತರಗತಿಯ ಐವರು ಹಳೆಯ ಸಹಪಾಠಿಗಳಿಗೆ ತೋರಿಸುವುದು ಮೂವತ್ತು ವರ್ಷದಿಂದ ನಡೆದುಬಂದ ರೂಢಿ. ನಾಲ್ವರಿಗೆ ಫೋನಿನಲ್ಲಿ ಕಳಿಸಿದೆ. ಫೋನಿನಲ್ಲಿ ಕತೆ ಓದುವುದಿಲ್ಲ ಎಂದು ಹಟ ಹಿಡಿದು ಕೂತಿರುವ ಶಿರಸಿಯವಳಿಗೆ ಅಂಚೆಯಲ್ಲಿ. ನಾಲ್ಕೇ ನಿಮಿಷಕ್ಕೆ ಮಂಡ್ಯದವನಿಂದ ಉತ್ತರ ಬಂತು: ‘ಅದ್ಭುತ!’ ಹನ್ನೊಂದು ಪುಟಕ್ಕೆ ನಾಲ್ಕು ನಿಮಿಷ. ಬರೆದ ನಾನೇ ಆ ವೇಗದಲ್ಲಿ ಓದಲಾರೆ. ಬೆಂಗಳೂರಿನವನಿಂದ ಒಂದು ಹೆಬ್ಬೆರಳು. ಕುಂದಾಪುರದವನಿಂದ ಜೋಡಿಸಿದ ಎರಡು ಕೈ. ಅದು ನಮಸ್ಕಾರವೋ, ‘ಸಾಕು ಮಾರಾಯ, ಬಿಟ್ಟುಬಿಡು’ ಎಂಬ ಬೇಡಿಕೆಯೋ ಈ ತನಕ ತಿಳಿದಿಲ್ಲ. ಗದಗಿನವನು ನೋಡಿದ್ದಾನೆ ಎಂದು ಎರಡು ನೀಲಿ ಗೆರೆಗಳು ಹೇಳುತ್ತಿವೆ, ಅವನು ಮಾತ್ರ ಏನೂ ಹೇಳುತ್ತಿಲ್ಲ.

ಹತ್ತು ದಿನವಾದ ಮೇಲೆ ಶಿರಸಿಯಿಂದ ಲಕೋಟೆ ಬಂತು. ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲ್ ಚುಕ್ಕಿ, ಒಟ್ಟು ಒಂಬತ್ತು. ಏಳನೆಯ ಪುಟದ ಚುಕ್ಕಿಯ ಪಕ್ಕದಲ್ಲಷ್ಟೇ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಮಾತು: ‘ಇಲ್ಲಿ ದೋಸೆ ಹೊಯ್ಯಲು ಎದ್ದೆ.’

ಏಳನೆಯ ಪುಟದಲ್ಲಿ ನನ್ನ ನಾಯಕ ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತ ಬದುಕಿನ ಬಗ್ಗೆ ಒಂದೂವರೆ ಪುಟ ಚಿಂತಿಸುತ್ತಾನೆ. ನಾನು ಬಹಳ ಮೆಚ್ಚಿಕೊಂಡು ಬರೆದಿದ್ದ ಭಾಗ. ಮತ್ತೆ ಓದಿ ನೋಡಿದೆ. ನಾನಾಗಿದ್ದರೆ ದೋಸೆ ಹೊಯ್ಯಲಲ್ಲ, ಹಿಟ್ಟು ರುಬ್ಬಲಿಕ್ಕೇ ಎದ್ದುಹೋಗುತ್ತಿದ್ದೆ.

ಹೇಳಿದರೆ ಜನ ನಗುತ್ತಾರೆ, ನನಗೆ ಕತೆ ಬರೆಯುವುದಕ್ಕಿಂತ ಬೇರೆಯವರ ಕತೆಯ ಅಂಚಿನಲ್ಲಿ ಗೀಚುವುದು ಹೆಚ್ಚು ಇಷ್ಟ. ಅಚ್ಚಾದ ಪುಸ್ತಕದಲ್ಲಿ ಆ ಸುಖವಿಲ್ಲ. ಅಲ್ಲಿ ತಪ್ಪು ಕಂಡರೆ ಹಲ್ಲು ಕಡಿಯಬಹುದು, ಅಷ್ಟೆ. ಕರಡು ಅಂದರೆ ಗಿಲಾವು ಆಗದ ಮನೆ. ಇಟ್ಟಿಗೆ ಇನ್ನೂ ಕಾಣುತ್ತಿರುತ್ತದೆ. ‘ಈ ಕಿಟಕಿ ಮೂಡಲಿಗಿದ್ದಿದ್ದರೆ’ ಎನ್ನಲು ಹೊತ್ತು ಮೀರಿರುವುದಿಲ್ಲ. ಕೈಬರಹದಲ್ಲಿದ್ದರಂತೂ ಬರೆದವರ ಗುಟ್ಟೆಲ್ಲ ಬಯಲು: ಎಲ್ಲಿ ಹುರುಪಿಗೆ ಅಕ್ಷರಗಳು ಬಲಕ್ಕೆ ವಾಲಿವೆ, ಎಲ್ಲಿ ಬೇಸತ್ತು ಊಟಕ್ಕೆ ಎದ್ದುಹೋಗಿ ಬಂದು ಬೇರೆ ಪೆನ್ನು ಹಿಡಿದಿದ್ದಾರೆ, ಯಾವ ಹೆಂಗಸಿನ ಹೆಸರನ್ನು ಮೂರು ಸಲ ಹೊಡೆದುಹಾಕಿ ಬದಲಿಸಿದ್ದಾರೆ.

ಈ ಚಟ ಅಂಟಿದ್ದು ಎಂ.ಎ. ಓದುವಾಗ. ವಿಭಾಗದ ಕಾರಿಡಾರಿನಲ್ಲಿ ಒಂದು ಭಿತ್ತಿಪತ್ರಿಕೆ ಇತ್ತು. ಅದಕ್ಕೆ ಏರುವ ಮೊದಲು ಪ್ರತಿ ಕತೆ, ಪ್ರತಿ ಪದ್ಯ ನಮ್ಮ ಆರು ಜನರ ಕೈ ದಾಟಬೇಕು. ಜೆರಾಕ್ಸಿಗೆ ದುಡ್ಡಿಲ್ಲ, ಹಾಗಾಗಿ ಒಂದೇ ಪ್ರತಿ ವಾರವಿಡೀ ಹಾಸ್ಟೆಲಿನಿಂದ ಹಾಸ್ಟೆಲಿಗೆ ತಿರುಗಿ ಗುರುವಾರ ಸಂಜೆ ಕ್ಯಾಂಟೀನಿನ ಮೇಜಿಗೆ ಬರುತ್ತಿತ್ತು. ಅಷ್ಟರಲ್ಲಿ ಅದರ ಅಂಚು ಮದುವೆಮನೆಯ ಅಂಗಳದಂತೆ ತುಳಿದಾಡಿ ಹೋಗಿರುತ್ತಿತ್ತು. ಬೈಟು ಕಾಫಿ ಮುಗಿಯುವವರೆಗೆ ಚರ್ಚೆ, ಕಾಫಿ ಮುಗಿದ ಮೇಲೆ ಜಗಳ.

ನಿಯಮ ಒಂದೇ: ಎಲ್ಲರೂ ಹೇಳಿ ಮುಗಿಸುವ ತನಕ ಬರೆದವರು ಬಾಯಿ ಬಿಡಕೂಡದು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಶುರುವಾದ ಬರಹಗಾರರ ಕಮ್ಮಟದಿಂದ ಇಂಥದ್ದೇ ಕಟ್ಟಳೆ ಲೋಕಕ್ಕೆಲ್ಲ ಹಬ್ಬಿತು ಅನ್ನುವುದು ಬಹಳ ಕಾಲದ ಮೇಲೆ ತಿಳಿಯಿತು. ನಮಗೆ ಅದು ಬಂದದ್ದು ಮಂಡ್ಯದವನ ದೆಸೆಯಿಂದ. ಮೂರು ಪುಟದ ಕತೆ ಬರೆದು ಅದರಲ್ಲಿ ಏನಿದೆ ಎಂದು ಮುಕ್ಕಾಲು ಗಂಟೆ ವಿವರಿಸುತ್ತಿದ್ದ. ‘ಕತೆ ಅಚ್ಚಾದಮೇಲೆ ಓದುವ ಒಬ್ಬೊಬ್ಬರ ಮನೆಗೂ ನೀನೇ ಹೋಗಿ ವಿವರಿಸ್ತೀಯಾ?’ ಎಂದು ಶಿರಸಿಯವಳು ಕೇಳಿದಳು. ಅಂದಿನಿಂದ ನಿಯಮ ಜಾರಿಗೆ ಬಂತು.

ಚುಕ್ಕಿಯೂ ಅವಳದೇ. ಕತೆಯನ್ನು ಗಟ್ಟಿಯಾಗಿ ಓದುವುದು, ನಾಲಿಗೆ ಎಡವಿದಲ್ಲಿ ಅಥವಾ ಮನಸ್ಸು ಆಚೆ ಹೋದಲ್ಲಿ ಒಂದು ಚುಕ್ಕಿ. ಕಾರಣ ಬರೆಯಬಾರದು. ಕಾರಣ ಬರೆದರೆ ವಾದ ಹುಟ್ಟುತ್ತದೆ, ಬರೆಯುವವರು ವಾದದಲ್ಲಿ ಯಾವತ್ತೂ ಸೋತವರಲ್ಲ. ಚುಕ್ಕಿಯ ಜೊತೆ ವಾದ ಮಾಡುವುದು ಹೇಗೆ? ನಾನು ಎಡವಿದೆ ಅನ್ನುವವನಿಗೆ ನೀನು ಎಡವಲಿಲ್ಲ ಅನ್ನಲಾದೀತೆ? ಕಲ್ಲು ಎಲ್ಲಿದೆ ಎಂದು ಬರೆದವರೇ ಬಗ್ಗಿ ಹುಡುಕಬೇಕು.

ನನ್ನ ಪಾಲಿನ ಕೊಡುಗೆ ಅಂಗೈ. ಯಾರ ಕರಡು ಬಂದರೂ ಮೊದಲ ಪ್ಯಾರಾದ ಮೇಲೆ ಅಂಗೈ ಮುಚ್ಚಿ ಎರಡನೆಯದರಿಂದ ಓದುತ್ತೇನೆ. ಹತ್ತಕ್ಕೆ ಏಳು ಕತೆಗಳು ಅಲ್ಲಿಂದಲೇ ಶುರುವಾಗಬೇಕಾದವು. ಮೊದಲ ಪ್ಯಾರಾದಲ್ಲಿ ಇರುವುದೇನು? ಸೂರ್ಯ ಮುಳುಗುತ್ತಿರುತ್ತಾನೆ, ಇಲ್ಲವೇ ಮಳೆ ಹಿಡಿದಿರುತ್ತದೆ. ಕರಾವಳಿಯವರದಾದರೆ ಎರಡೂ ಒಟ್ಟಿಗೆ. ಬರೆಯುವವರು ಅಲ್ಲಿ ಗಂಟಲು ಸರಿಮಾಡಿಕೊಳ್ಳುತ್ತಿರುತ್ತಾರೆ. ಸಂಗೀತಗಾರರು ಅದನ್ನು ಪರದೆಯ ಹಿಂದೆ ಮಾಡುತ್ತಾರೆ, ನಾವು ವೇದಿಕೆಯ ಮೇಲೆ.

ಇದನ್ನು ನಾನು ಕಂಡುಹಿಡಿದೆ ಎಂದು ಬೀಗುತ್ತಿದ್ದ ಕಾಲದಲ್ಲೇ ಗ್ರಂಥಾಲಯದಲ್ಲಿ ಎಲಿಯಟ್‌ನ ‘ದ ವೇಸ್ಟ್ ಲ್ಯಾಂಡ್’ ಕರಡಿನ ಪಡಿಯಚ್ಚು ಕೈಗೆ ಸಿಕ್ಕಿತು. ಪದ್ಯ ಹೊರಬಂದದ್ದು 1922ರಲ್ಲಿ, ಕರಡಿನ ಪಡಿಯಚ್ಚು 1971ರಲ್ಲಿ. ಪಾಠದ ಪುಸ್ತಕದಲ್ಲಿ ನಾವು ಓದುವ ಪದ್ಯ ಏಪ್ರಿಲ್ ತಿಂಗಳಿಂದ ಶುರುವಾಗುತ್ತದಲ್ಲ, ಕರಡಿನಲ್ಲಿ ಅದಕ್ಕೂ ಮುಂಚೆ ಇಡೀ ಒಂದು ಪುಟವಿದೆ! ಬಾಸ್ಟನ್ ಊರಿನಲ್ಲಿ ಒಂದು ರಾತ್ರಿ ಗೆಳೆಯರ ಕುಡಿತ, ತಿರುಗಾಟ. ಆ ಪುಟವನ್ನು ಎಲಿಯಟ್ ತಾನೇ ಹೊಡೆದುಹಾಕಿದ್ದಾನೆ. ಮಿಕ್ಕ ಪುಟಗಳ ಮೇಲೆ ಎಜ್ರಾ ಪೌಂಡ್‌ನ ಪೆನ್ಸಿಲ್ ಬೆಳೆದ ಹೊಲಕ್ಕೆ ದನ ನುಗ್ಗಿದಂತೆ ನುಗ್ಗಿದೆ. ಹಡಗು ಒಡೆಯುವ ಉದ್ದನೆಯ ಭಾಗ ಕೊನೆಗೆ ಹತ್ತೇ ಸಾಲು ಉಳಿಯಿತು. ಎಲಿಯಟ್ ಎದೆಗುಂದಿ, ಹಾಗಾದರೆ ಆ ಹತ್ತನ್ನೂ ತೆಗೆದುಬಿಡಲೇ ಎಂದು ಕೇಳಿದ. ಪೌಂಡ್ ಬೇಡ ಅಂದ, ಅದು ಅಲ್ಲಿ ಇರಲೇಬೇಕು ಅಂದ. ಅಷ್ಟೊಂದು ಕೊಯ್ದವನಿಗೆ ಕುಡುಗೋಲು ಎಲ್ಲಿ ಕೆಳಗಿಡಬೇಕು ಅನ್ನುವುದೂ ಗೊತ್ತಿತ್ತು. ಅದೇ ಹಾಳೆಗಳಲ್ಲಿ ಎಲಿಯಟ್‌ನ ಹೆಂಡತಿಯ ಪೆನ್ಸಿಲೂ ಇದೆ. ಆಕೆ ಮೆಚ್ಚಿ ಗುರುತು ಹಾಕಿದ್ದಾಳೆ, ಆಕೆ ಸೂಚಿಸಿದ ಸಾಲೊಂದು ಪದ್ಯದಲ್ಲಿ ಉಳಿದಿದೆ. ಅಧ್ಯಾಪಕರು ಪೌಂಡ್ ಬಗ್ಗೆ ಎರಡು ಗಂಟೆ ಮಾತಾಡುತ್ತಾರೆ, ಆಕೆಯ ಬಗ್ಗೆ ಎರಡು ನಿಮಿಷವೂ ಇಲ್ಲ.

ಪೆನ್ಸಿಲ್ ಎಲ್ಲಿ ಕೆಳಗಿಡಬೇಕೆಂದು ಗೊತ್ತಿಲ್ಲದವರ ಜೊತೆ ನನಗೆ ಹಳೆಯ ವ್ಯಾಜ್ಯವಿದೆ. ಮೊದಲನೆಯವನು ನಮ್ಮ ಬೆಂಗಳೂರಿನವನು, ಕಾಗುಣಿತದ ಪಹರೆಯವನು. ಮಂಡ್ಯದವನ ಒಂದು ಕತೆಯಲ್ಲಿ ಮುದುಕಿ ಬಾಗಿಲಿಗೆ ಬಂದವನಿಗೆ ‘ಅಟ್ಟೀಲಿ ಆಲಿಲ್ಲ, ಓಗಪ್ಪ’ ಅನ್ನುತ್ತಾಳೆ. ಇವನು ಕೆಂಪು ಶಾಯಿಯಲ್ಲಿ ‘ಹಟ್ಟಿಯಲ್ಲಿ ಹಾಲಿಲ್ಲ, ಹೋಗಪ್ಪ’ ಎಂದು ತಿದ್ದಿದ. ಹೀಗೆ ಹದಿನೇಳು ಕಡೆ. ಎಮ್ಮೆ ಮಾರಿ ಮಗನನ್ನು ಓದಿಸಿದ ಮುದುಕಿ ಆಕಾಶವಾಣಿಯಲ್ಲಿ ಪ್ರದೇಶ ಸಮಾಚಾರ ಓದುವವಳಾದಳು. ಆ ಕತೆಯಲ್ಲಿ ನಿಜವಾದ ಒಂದು ದೋಷವಿತ್ತು: ಮಗ ಊರಿಗೆ ಯಾಕೆ ವಾಪಸಾಗುತ್ತಾನೆ ಅನ್ನುವುದು ಎಲ್ಲೂ ಇರಲಿಲ್ಲ. ಅದು ಇವನ ಕಣ್ಣಿಗೆ ಬೀಳಲೇ ಇಲ್ಲ. ‘ಹ’ ಹುಡುಕುತ್ತಿದ್ದನಲ್ಲ! ನಂಜನಗೂಡು ಸೀಮೆಯ ಆಡುಮಾತಿನಲ್ಲಿ ದೇವನೂರ ಮಹಾದೇವ ಬರೆದ ‘ಕುಸುಮಬಾಲೆ’ 1984ರಲ್ಲಿ ಬಂದು, 1990ರಲ್ಲಿ ಅಕಾಡೆಮಿ ಪ್ರಶಸ್ತಿಯನ್ನೂ ಪಡೆದಿತ್ತು. ನಮಗೆ ಅದು ಪಠ್ಯ. ಪರೀಕ್ಷೆಯಲ್ಲಿ ಆಡುಮಾತಿನ ಸೊಗಸಿನ ಬಗ್ಗೆ ಆರು ಪುಟ ಬರೆದು ಬಂದವನು, ಸಂಜೆ ಸಹಪಾಠಿಯ ಮುದುಕಿಗೆ ಹಕಾರ ಕಲಿಸಲು ಕೂತ. ಇದು ಅಜ್ಞಾನವಲ್ಲ. ಅಚ್ಚಾದದ್ದಕ್ಕೆ ಒಂದು ಕಣ್ಣು, ಪಕ್ಕದ ಬೆಂಚಿನವನು ಬರೆದದ್ದಕ್ಕೆ ಇನ್ನೊಂದು ಕಣ್ಣು. ಮೂವತ್ತು ವರ್ಷವಾದರೂ ನನಗೆ ಆ ಸಿಟ್ಟು ಇಳಿದಿಲ್ಲ.

ಎರಡನೆಯವನು ಗದಗಿನವನು. ‘ನಾನಾಗಿದ್ರ ಹಿಂಗ ಬರೀತಿದ್ದೆ ನೋಡು’ ಎಂದು ಶುರುಮಾಡಿ ಕತೆಯನ್ನು ಪೂರ್ತಿ ಬರೆದೇ ಕೊಡುವ ಪುಣ್ಯಾತ್ಮ. ನನ್ನ ಕತೆಯಲ್ಲಿ ಮುದ್ದೆ ಕಟ್ಟುತ್ತಿದ್ದ ಅಜ್ಜಿ ಅವನ ಕೈಗೆ ಹೋಗಿ ಬರುವಷ್ಟರಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಕೊನೆಯ ಪುಟದಲ್ಲಿ ಸತ್ತವಳು ಬದುಕಿ ಜಾತ್ರೆಗೂ ಹೊರಟಿದ್ದಳು. ಮನುಷ್ಯನ ಮೇಲೆ ಕಾವ್ಯ ಬರೆದದ್ದಕ್ಕೆ ಸೋದರಮಾವ ಹರಿಹರ ರಾಘವಾಂಕನಿಗೆ ಪಾದರಕ್ಷೆಯಿಂದ ಹೊಡೆದು ಹಲ್ಲುದುರಿಸಿದನೆಂದು ಐತಿಹ್ಯವಿದೆ. ಅದಕ್ಕಿಂತ ಕಠಿಣ ಪ್ರತಿಕ್ರಿಯೆ ನಮ್ಮ ಸಾಹಿತ್ಯದಲ್ಲಿ ಇನ್ನೊಂದಿಲ್ಲ. ಆದರೆ ಹರಿಹರ ಕೂಡ ಹರಿಶ್ಚಂದ್ರನ ಕತೆಯನ್ನು ತಾನೇ ಕೂತು ತಿದ್ದಿ ಬರೆದುಕೊಡಲಿಲ್ಲ. ಹಲ್ಲು ಹೋದರೂ ಕಾವ್ಯ ಅಳಿಯನದೇ ಆಗಿ ಉಳಿಯಿತು.

ಈಗೀಗ ಇದಕ್ಕೆಲ್ಲ ತರಬೇತಿ ಕೊಡುತ್ತಾರೆ. ಅಂಥದ್ದೊಂದಕ್ಕೆ ಅಧ್ಯಾಪಕನಾಗಿ ನಾನೂ ಹೋಗಿದ್ದೆ. ಮೊದಲು ಒಂದು ಹೊಗಳಿಕೆ, ನಡುವೆ ಒಂದು ಟೀಕೆ, ಕೊನೆಗೆ ಇನ್ನೊಂದು ಹೊಗಳಿಕೆ: ಸ್ಯಾಂಡ್‌ವಿಚ್ ವಿಧಾನವಂತೆ. ನಮ್ಮ ಮನೆಯಲ್ಲಿ ಮಕ್ಕಳಿಗೆ ಕಹಿ ಮಾತ್ರೆಯನ್ನು ಬಾಳೆಹಣ್ಣಿನೊಳಗೆ ತುರುಕಿ ಕೊಡುತ್ತಿದ್ದರು. ಮಕ್ಕಳು ಹಣ್ಣು ತಿಂದು ಮಾತ್ರೆ ಉಗುಳುತ್ತಿದ್ದವು. ನನ್ನ ವಿದ್ಯಾರ್ಥಿಗಳೂ ಅಷ್ಟೇ ಜಾಣರು. ನಾನು ‘ಶೀರ್ಷಿಕೆ ಚೆನ್ನಾಗಿದೆ’ ಅಂದ ಕೂಡಲೇ ‘ಆಮೇಲೆ ಸಾರ್?’ ಅನ್ನುತ್ತಾರೆ. ಹೊಗಳಬಾರದು ಅಂತಲ್ಲ. ಹೊಗಳುವುದಾದರೆ ಇಂಥ ಸಾಲು, ಇಂಥ ಪದ ಎಂದು ಬೆರಳಿಟ್ಟು ಹೊಗಳಿ. ‘ನಾಲ್ಕನೆಯ ಪುಟದಲ್ಲಿ ಅಪ್ಪ ಚಪ್ಪಲಿ ಹುಡುಕುವಾಗ ಗಂಟಲು ಕಟ್ಟಿತು’ ಎಂದರೆ ಬರೆದ ಹುಡುಗಿ ಆ ರಾತ್ರಿ ನಿದ್ದೆ ಮಾಡುವುದಿಲ್ಲ. ‘ಚೆನ್ನಾಗಿದೆ’ ಅನ್ನುವುದು ಮಾತೇ ಅಲ್ಲ, ಮುಂದೆ ಹೋಗಿ ಅನ್ನುವ ಟ್ರಾಫಿಕ್ ಪೊಲೀಸಿನ ಕೈ.

ಇದರ ಬೇರು ಹುಡುಕಿಕೊಂಡು ಹೋದಾಗ ಸಿಕ್ಕವನು ರಾಜಶೇಖರ. ಸಾವಿರ ವರ್ಷಕ್ಕೂ ಹಿಂದೆ ಕನೌಜಿನ ಆಸ್ಥಾನದಲ್ಲಿದ್ದವನು. ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಓದುವವರನ್ನು ನಾಲ್ಕು ಪಂಗಡ ಮಾಡುತ್ತಾನೆ. ಏನು ಬಡಿಸಿದರೂ ರುಚಿಯಿಲ್ಲ ಅನ್ನುವ ಅರೋಚಕಿ. ಹುಲ್ಲು ಸಮೇತ ಎಲ್ಲವನ್ನೂ ಮೇಯುವ ಸತೃಣಾಭ್ಯವಹಾರಿ. ಹೊಟ್ಟೆಕಿಚ್ಚಿನ ಮತ್ಸರಿ. ಕೊನೆಯವನು ತತ್ತ್ವಾಭಿನಿವೇಶಿ, ಸಾವಿರಕ್ಕೊಬ್ಬ ಸಿಕ್ಕರೆ ಸಿಕ್ಕ. ಇದನ್ನು ಓದಿದ ದಿನ ನನಗೆ ನಗು ತಡೆಯಲಾಗಲಿಲ್ಲ, ನಮ್ಮ ಕ್ಯಾಂಟೀನಿನ ಮೇಜನ್ನೇ ಬರೆದಿದ್ದಾನೆ! ಕುಂದಾಪುರದವನು ಹುಟ್ಟಾ ಅರೋಚಕಿ. ನಾಲ್ಕು ನಿಮಿಷದಲ್ಲಿ ಹನ್ನೊಂದು ಪುಟ ಮೇಯ್ದ ಮಂಡ್ಯದವನು ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಒಳ್ಳೆಯ ಮನುಷ್ಯ, ಹುಲ್ಲಿಗೂ ನೋವಾಗಬಾರದು ಅನ್ನುವವನು. ಮತ್ಸರಿ ಯಾರು ಎಂದು ಬಹಳ ಹೊತ್ತು ಹುಡುಕಿದೆ. ಶಿರಸಿಯವಳ ಒಂದು ಪದ್ಯ ಎಲ್ಲರಿಗೂ ಹಿಡಿಸಿದ ಗುರುವಾರ ನಾನು ಎರಡು ಕಡೆ ಛಂದಸ್ಸು ತಪ್ಪಿದೆ ಅಂದಿದ್ದೆ. ತಪ್ಪಿರಲಿಲ್ಲ.

ರಾಜಶೇಖರ ಕವಿಯ ದಿನಚರಿಯನ್ನೂ ಕೊಡುತ್ತಾನೆ. ಬೆಳಿಗ್ಗೆ ಬರೆದದ್ದನ್ನು ಹಗಲಿನ ನಾಲ್ಕನೆಯ ಪ್ರಹರದಲ್ಲಿ, ಅಂದರೆ ಮಧ್ಯಾಹ್ನ ಮೂರರ ಮೇಲೆ, ಒಬ್ಬನೇ ಕೂತೋ ಬೇಕಾದ ಕೆಲವರೊಡನೆಯೋ ಪರೀಕ್ಷಿಸಬೇಕಂತೆ. ಬರೆಯುವ ಆವೇಶದಲ್ಲಿ ವಿವೇಚನೆಯ ಕಣ್ಣು ಮುಚ್ಚಿರುತ್ತದೆ ಅನ್ನುವುದು ಅವನ ಕಾರಣ. ಹೆಚ್ಚಾದದ್ದನ್ನು ತೆಗೆ, ಕಡಿಮೆಯಾದದ್ದನ್ನು ತುಂಬು, ಜಾಗ ತಪ್ಪಿದ್ದನ್ನು ಸರಿಸು, ಮರೆತದ್ದನ್ನು ನೆನೆ: ತರಬೇತಿಯವರ ಮೂರು ದಿನದ ಸ್ಲೈಡುಗಳು ಇಷ್ಟರಲ್ಲಿ ಮುಗಿದವು. ಇನ್ನೂ ಇಷ್ಟವಾದದ್ದು, ಶಾಸ್ತ್ರದ ಗ್ರಂಥದಲ್ಲೇ ಅವನು ಹೆಂಡತಿ ಅವಂತಿಸುಂದರಿಯ ಅಭಿಪ್ರಾಯವನ್ನು ಹೆಸರು ಹಿಡಿದು ದಾಖಲಿಸಿರುವುದು. ಎಲಿಯಟ್‌ನ ಹೆಂಡತಿಗೆ ಅಂಚಿನಲ್ಲಿ ಜಾಗ ಸಿಕ್ಕಿತು, ಈಕೆಗೆ ಪುಟದ ನಡುವೆಯೇ.

ಮೊನ್ನೆ ಶಿರಸಿಗೆ ಫೋನ್ ಮಾಡಿದೆ. ಚುಕ್ಕಿಗೆ ಕಾರಣ ಕೇಳುವಂತಿಲ್ಲ, ಆದ್ದರಿಂದ ದೋಸೆಯ ಬಗ್ಗೆ ಕೇಳಿದೆ. ಬೆಳಗಿನ ತಿಂಡಿಯ ಹೊತ್ತಾಗಿದ್ದರೆ, ಮನೆಯಲ್ಲಿ ಹಸಿದವರಿದ್ದರೆ, ಏಳಲೇಬೇಕಿತ್ತಲ್ಲ. ಕತೆಯದೇನೂ ತಪ್ಪಿಲ್ಲ ಎಂದು ಒಂದು ಆಸೆ.

‘ಎಷ್ಟು ಗಂಟೆ ಆಗಿತ್ತು ಆಗ?’

‘ಮಧ್ಯಾಹ್ನ ಮೂರು,’ ಅಂದಳು. ‘ಮನೇಲಿ ಯಾರೂ ಇರಲಿಲ್ಲ.’

ಕತೆ ಈಗ ಒಂಬತ್ತೂವರೆ ಪುಟ.